ಸಿಸ್ಟರ್ ಹಲ್ಲಿಗೆ ಕ್ಲಿಪ್: ಅಗತ್ಯವೋ ಅಲಂಕಾರವೋ, ತೀರ್ಮಾನ ಯಾರದ್ದು?

ಸರ್ಕಾರದ ಅನುದಾನ ಪಡೆಯುವ ಶಾಲೆಗಳಲ್ಲಿ ಪಾಠ ಮಾಡುವ ಕ್ರೈಸ್ತ ಸಿಸ್ಟರ್‌ಗಳ ಮತ್ತು ಪಾದ್ರಿಗಳ ಸಂಬಳದಲ್ಲಿ ಆದಾಯ ತೆರಿಗೆ ಮುರಿದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಇದನ್ನು ವಿರೋಧಿಸಿ ಬಂದಿದ್ದ 90ಕ್ಕೂ ಹೆಚ್ಚು ಮೇಲ್ಮನವಿಗಳು ಒಟ್ಟಿಗೆ ವಜಾ ಆದವು. ಸುದ್ದಿ ಓದಿದ ಅನೇಕರಿಗೆ ಗೊಂದಲವಾಯಿತು. ಸಿಸ್ಟರ್‌ಗಳು ಬಡತನದ ಪ್ರತಿಜ್ಞೆ ಮಾಡಿರುತ್ತಾರೆ. ಸಂಬಳ ಅವರ ಕೈಯಲ್ಲಿ ಉಳಿಯುವುದಿಲ್ಲ, ಅವರು ಸೇರಿರುವ ಸನ್ಯಾಸಿನಿಯರ ಸಂಘಕ್ಕೆ ಹೋಗುತ್ತದೆ. ಹಾಗಾದರೆ ಆ ತೆರಿಗೆ ಯಾರ ಲೆಕ್ಕಕ್ಕೆ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ತನ್ನದು ಅನ್ನುವ ದುಡ್ಡೇ ಇಲ್ಲದವರಿಗೆ ಕಾಯಿಲೆ ಬಂದರೆ, ಕಣ್ಣು ಮಂಜಾದರೆ, ಹಲ್ಲು ಕೆಟ್ಟರೆ ಖರ್ಚು ಯಾರು ಕೊಡುತ್ತಾರೆ?

ಕನ್ನಡಕಕ್ಕೆ, ಆಪರೇಷನ್‌ಗೆ, ಸಕ್ಕರೆ ಕಾಯಿಲೆಯ ಮಾತ್ರೆಗೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಏಳುವುದು ಆ ಕಡೆಯೂ ಸಲ್ಲದ, ಈ ಕಡೆಯೂ ಸಲ್ಲದ ಖರ್ಚುಗಳ ಮೇಲೆ. ಹಲ್ಲು ನೇರ ಮಾಡಲು ಹಾಕಿಸುವ ಕ್ಲಿಪ್ ಅಂಥದ್ದು. ಅದರಲ್ಲಿ ಚಿಕಿತ್ಸೆಯೂ ಇದೆ, ಚೆಂದ ಕಾಣುವ ಆಸೆಯೂ ಇದೆ. ಒಂದೂವರೆ ಎರಡು ವರ್ಷ ಬಾಯಲ್ಲೇ ಇರುತ್ತದೆ. ಮಾತಾಡಿದರೆ ಕಾಣುತ್ತದೆ, ನಕ್ಕರೆ ಇನ್ನೂ ಕಾಣುತ್ತದೆ. ಆ ಸಿಸ್ಟರ್ ಟಿವಿಯಲ್ಲೋ ವೇದಿಕೆ ಮೇಲೋ ಕಾಣಿಸಿಕೊಳ್ಳುವವರಾದರೆ ಮಾತು ಜಾಸ್ತಿಯಾಗುತ್ತದೆ. "ಇವರಿಗ್ಯಾಕೆ ಇದೆಲ್ಲ" ಅನ್ನುವ ಮಾತಿನಲ್ಲಿ ದುಡ್ಡು, ದೇಹ, ಧರ್ಮ ಮೂರೂ ಹೆಣೆದುಕೊಂಡಿವೆ. ಒಂದೊಂದಾಗಿ ಬಿಡಿಸಿ ನೋಡಬೇಕು.

ಕ್ಯಾಮೆರಾ ಮುಂದೆ ಒಬ್ಬ ಸಿಸ್ಟರ್

ಸಾರ್ವಜನಿಕರ ಕಣ್ಣು ಒಬ್ಬ ಸನ್ಯಾಸಿನಿಯ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಕ್ರಿಸ್ಟಿನಾ ಸ್ಕುಚ್ಚಾ ಅವರಿಗಿಂತ ದೊಡ್ಡ ಉದಾಹರಣೆ ಇತ್ತೀಚೆಗೆ ಇಲ್ಲ. ಸಿಸಿಲಿಯ ಈ ಯುವತಿ ಪವಿತ್ರ ಕುಟುಂಬದ ಉರ್ಸುಲೈನ್ ಸಂಘಕ್ಕೆ ಸೇರಿದ್ದರು. 2014ರ ಮಾರ್ಚ್‌ನಲ್ಲಿ 'ದಿ ವಾಯ್ಸ್ ಆಫ್ ಇಟಲಿ' ಎಂಬ ಹಾಡಿನ ಸ್ಪರ್ಧೆಗೆ ಬಂದಾಗ ಅವರಿಗೆ 25 ವರ್ಷ. ಅಲ್ಲಿ ತೀರ್ಪುಗಾರರು ಬೆನ್ನು ತಿರುಗಿಸಿ ಕುಳಿತಿರುತ್ತಾರೆ. ದನಿ ಇಷ್ಟವಾದರೆ ಮಾತ್ರ ಕುರ್ಚಿ ತಿರುಗಿಸಿ ಹಾಡುವವರ ಮುಖ ನೋಡುತ್ತಾರೆ. ನಾಲ್ವರೂ ತಿರುಗಿದರು. ಎದುರಿಗೆ ಕಪ್ಪು ನಿಲುವಂಗಿಯ ಸಿಸ್ಟರ್! ಜೂನ್‌ನಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಸುಮಾರು 62% ಮತ ಪಡೆದು ಅವರೇ ಗೆದ್ದರು.

ದನಿಯನ್ನು ಮಾತ್ರ ಕೇಳಿ ತೀರ್ಪು ಕೊಡಬೇಕಾದ ಕಾರ್ಯಕ್ರಮ ಅದು. ಆದರೆ ಜಗತ್ತು ಮಾತಾಡಿದ್ದು ಅವರ ರೂಪದ ಬಗ್ಗೆಯೇ. ಸಾದಾ ಕಪ್ಪು ಶೂ, ಎದೆ ಮೇಲಿನ ಶಿಲುಬೆ, ಕುಣಿಯುವ ರೀತಿ ಎಲ್ಲವೂ ಸುದ್ದಿಯಾದವು. ಅದೇ ವರ್ಷ ಅವರು ಪಾಪ್ ಗಾಯಕಿ ಮಡೋನ್ನಾಳ ಒಂದು ಹಾಡನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡಿದರು. ಆಗ ಇಟಲಿಯ ಬಿಷಪ್‌ಗಳ ಸುದ್ದಿ ಸಂಸ್ಥೆಯೇ ಟೀಕೆ ಮಾಡಿತು. 2022ರ ನವೆಂಬರ್‌ನಲ್ಲಿ ಅವರು ಟಿವಿಗೆ ಬಂದು ಸನ್ಯಾಸ ಬಿಟ್ಟಿರುವುದಾಗಿ, ಸ್ಪೇನ್‌ನಲ್ಲಿ ಹೋಟೆಲ್ ಕೆಲಸ ಮಾಡುತ್ತಿರುವುದಾಗಿ ಹೇಳಿದರು. ಒಬ್ಬ ಹೆಣ್ಣುಮಗಳ ಬದುಕಿನ ಅಷ್ಟು ದೊಡ್ಡ ನಿರ್ಧಾರ ಅದು. ಶೀರ್ಷಿಕೆಗಳಲ್ಲಿ ಎದ್ದು ಕಂಡಿದ್ದು ಕೆಂಪು ಬಟ್ಟೆ, ಬಿಟ್ಟ ಕೂದಲು ಮತ್ತು ಮೂಗುಬೊಟ್ಟು.

ಇದಕ್ಕೊಂದು ಕಾರಣ ಇದೆ. ಚರ್ಚಿನ ಕಾನೂನಿನ ಪ್ರಕಾರ ಸನ್ಯಾಸಿನಿಯರ ಉಡುಪು ದೇವರಿಗೆ ಒಪ್ಪಿಸಿಕೊಂಡ ಬದುಕಿನ ಗುರುತು, ಬಡತನಕ್ಕೆ ಸಾಕ್ಷಿ. ಕೂದಲು, ಕುತ್ತಿಗೆ, ಮೈಕಟ್ಟು ಎಲ್ಲವನ್ನೂ ಅದು ಹಿಂದಕ್ಕೆ ಸರಿಸುತ್ತದೆ. ಆಮೇಲೆ ಉಳಿಯುವುದು ಮುಖ ಒಂದೇ. ಕ್ಯಾಮೆರಾ ಹುಡುಕುವುದೂ ಮುಖವನ್ನೇ. ಹೀಗಾಗಿ ಬೇರೆ ಹೆಂಗಸರಲ್ಲಿ ಯಾರ ಗಮನಕ್ಕೂ ಬಾರದೆ ಹೋಗಬಹುದಾದ ಹುಬ್ಬು, ಕನ್ನಡಕದ ಚೌಕಟ್ಟು, ಹಲ್ಲಿನ ಸಾಲು ಇವೆಲ್ಲ ಸಿಸ್ಟರ್ ಮುಖದಲ್ಲಿ ಎರಡು ಪಟ್ಟು ಎದ್ದು ಕಾಣುತ್ತವೆ. ಅಲ್ಲಿ ಒಂದು ಲೋಹದ ತಂತಿ ಹೊಳೆದರೆ ನೋಡಿದವರು ಅದಕ್ಕೊಂದು ಅರ್ಥ ಕಟ್ಟುತ್ತಾರೆ. ಉಡುಪು ಮಾಡಿದ ಪ್ರತಿಜ್ಞೆಯನ್ನು ಬಾಯಿ ಮುರಿಯುತ್ತಿದೆ ಅನ್ನುವ ಅರ್ಥ.

ಸಂಬಳ ಸಂಘದ್ದು, ಆರೈಕೆ?

ಈ ಅರ್ಥ ಸರಿಯೇ ಎಂದು ನೋಡಲು ಪ್ರತಿಜ್ಞೆ ನಿಜಕ್ಕೂ ಏನು ಹೇಳುತ್ತದೆ ಎಂದು ತಿಳಿಯಬೇಕು. ಕ್ಯಾಥೊಲಿಕ್ ಚರ್ಚಿನ ಈಗಿನ ಕಾನೂನು ಸಂಹಿತೆ 1983ರದ್ದು. ಅದರ 668ನೇ ನಿಯಮದ ಪ್ರಕಾರ ಸನ್ಯಾಸಿ ತನ್ನ ದುಡಿಮೆಯಿಂದ ಸಂಪಾದಿಸಿದ್ದೆಲ್ಲ ಸಂಘಕ್ಕೆ ಸೇರುತ್ತದೆ. ಪಿಂಚಣಿ, ವಿಮೆ ಹಣ ಕೂಡ ಸಾಮಾನ್ಯವಾಗಿ ಸಂಘದ್ದೇ. ಜನ ಸಾಮಾನ್ಯವಾಗಿ ಕೇಳಿರುವುದು ಇಷ್ಟನ್ನೇ.

ಎರಡೇ ಹೆಜ್ಜೆ ಮುಂದೆ 670ನೇ ನಿಯಮ ಇದೆ. ಸದಸ್ಯರು ತಮ್ಮ ಕರೆಯ, ಅಂದರೆ ದೇವರಿಗೆ ಒಪ್ಪಿಸಿಕೊಂಡ ಬದುಕಿನ, ಗುರಿ ಮುಟ್ಟಲು ಏನೇನು ಬೇಕೋ ಅದನ್ನು ಸಂಘ ಒದಗಿಸಲೇಬೇಕು ಎಂದು ಅದು ಹೇಳುತ್ತದೆ. ಅಂದರೆ ಕೊಡುವುದು ಒಂದು ಕಡೆಯಿಂದ ಮಾತ್ರ ಅಲ್ಲ. ಸಿಸ್ಟರ್ ಸಂಬಳ ಕೊಡುತ್ತಾರೆ, ಸಂಘ ಆರೈಕೆ ಕೊಡಬೇಕು. ಬಡತನದ ಪ್ರತಿಜ್ಞೆ ಎಂದರೆ ನೋವು ನುಂಗಿಕೊಂಡಿರುವ ಪ್ರತಿಜ್ಞೆ ಎಂದು ಭಾವಿಸುವವರು ಈ ಎರಡನೇ ಭಾಗವನ್ನು ಮರೆಯುತ್ತಾರೆ.

ಸುಪ್ರೀಂ ಕೋರ್ಟಿನ ಪ್ರಕರಣದಲ್ಲೂ ಇದೇ ಗಂಟು ಇತ್ತು. ಸಂಘಗಳ ಪರ ವಾದ ಹೀಗಿತ್ತು: ಪ್ರತಿಜ್ಞೆ ಮಾಡಿದವರು ಲೌಕಿಕ ವ್ಯವಹಾರದ ಮಟ್ಟಿಗೆ ಸತ್ತಂತೆ, ಅವರಿಗೆ ಸ್ವಂತ ಆದಾಯ ಇಲ್ಲ, ಸಂಬಳ ನೇರವಾಗಿ ಸಂಘದ್ದು, ಆದ್ದರಿಂದ ಅವರ ಹೆಸರಲ್ಲಿ ತೆರಿಗೆ ಮುರಿಯುವುದು ತಪ್ಪು. ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ 2019ರಲ್ಲೇ ಇದನ್ನು ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಸರ್ಕಾರದ ಕಣ್ಣಲ್ಲಿ ದುಡಿಯುವವರು ಆ ವ್ಯಕ್ತಿ. ಸಂಬಳ ಬರುವುದು ಅವರಿಗೆ. ಅದನ್ನು ಆಮೇಲೆ ಯಾರಿಗೆ ಕೊಡುತ್ತಾರೆ ಎಂಬುದು ಅವರ ಮತ್ತು ಸಂಘದ ನಡುವಿನ ಮಾತು.

ದುಡ್ಡಿನ ಲೆಕ್ಕದಲ್ಲಿ ಈ ತೀರ್ಪಿನ ಪೆಟ್ಟು ಅನೇಕರು ಅಂದುಕೊಂಡಷ್ಟು ದೊಡ್ಡದಲ್ಲ. 2025ರ ಬಜೆಟ್ ನಂತರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದ ತನಕ ತೆರಿಗೆ ಬೀಳುವುದಿಲ್ಲ. ಶಿಕ್ಷಕಿಯರಲ್ಲಿ ಅನೇಕರು ಈ ಮಿತಿಯೊಳಗೇ ಬರುತ್ತಾರೆ. ದೊಡ್ಡದಾಗಿರುವುದು ತೀರ್ಪಿನ ಒಳಗಿರುವ ವಿಚಾರ. ಕಾನೂನಿಗೆ ಆ ಸಿಸ್ಟರ್ ಒಬ್ಬ ವ್ಯಕ್ತಿ, ಸಂಘದ ಒಂದು ಅಂಗ ಮಾತ್ರ ಅಲ್ಲ. ಹಾಗಿದ್ದಾಗ ಅವರ ದೇಹದ ಆರೈಕೆಯಲ್ಲಿ ಅವರ ಮಾತಿಗೆ ಎಷ್ಟು ತೂಕ ಎಂದು ಕೇಳುವುದು ಸಹಜ, ಅಲ್ವಾ?

ತಂತಿ ಎಳೆದರೆ ಹಲ್ಲು ಹೇಗೆ ಸರಿಯುತ್ತದೆ

ಕ್ಲಿಪ್ ಬಗ್ಗೆ ಇರುವ ಅಭಿಪ್ರಾಯಗಳು ಏನೇ ಇರಲಿ, ಅದು ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿ ಗೊತ್ತಿದೆ. ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ನಾರಿನಂಥ ತೆಳುವಾದ ಪದರ ಇರುತ್ತದೆ. ಪ್ರತಿ ಹಲ್ಲಿನ ಮೇಲೂ ಒಂದು ಪುಟ್ಟ ಬ್ರಾಕೆಟ್ ಅಂಟಿಸಿ, ಎಲ್ಲದರ ಮೂಲಕ ತಂತಿ ಹಾಯಿಸುತ್ತಾರೆ. ತಂತಿ ತನ್ನ ಮೂಲ ಆಕಾರಕ್ಕೆ ಮರಳಲು ನೋಡುತ್ತದೆ. ಆ ಎಳೆತಕ್ಕೆ ಹಲ್ಲು ಒಂದು ಪಕ್ಕಕ್ಕೆ ಒತ್ತುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ನಿಧಾನಕ್ಕೆ ಕರಗುತ್ತದೆ, ಎಳೆತ ಇರುವ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹಲ್ಲು ಹೀಗೆ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಇದಕ್ಕೇ ವರ್ಷಗಟ್ಟಲೆ ಬೇಕಾಗುವುದು. ಬಿಚ್ಚಿದ ಮೇಲೂ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೋಗದಂತೆ ರಿಟೇನರ್ ಹಾಕಿಕೊಳ್ಳಬೇಕು.

ಇದೆಲ್ಲ ಹೊಸದೇನಲ್ಲ. 1728ರಲ್ಲೇ ಫ್ರಾನ್ಸಿನ ಪಿಯರ್ ಫೋಶಾರ್ ಲೋಹದ ಪಟ್ಟಿ ಕಟ್ಟಿ ಹಲ್ಲು ಸರಿಸುವ ಬಗೆಯನ್ನು ವಿವರಿಸಿದ್ದರು. ಇದಕ್ಕೊಂದು ವಿಜ್ಞಾನದ ಚೌಕಟ್ಟು ಕೊಟ್ಟವರು ಅಮೆರಿಕದ ಎಡ್ವರ್ಡ್ ಆಂಗಲ್. ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳು ಹೇಗೆ ಕೂರುತ್ತವೆ ಎಂಬುದರ ಮೇಲೆ ಅವರು 1899ರಲ್ಲಿ ಮಾಡಿದ ವರ್ಗೀಕರಣವನ್ನು ಇವತ್ತಿಗೂ ನಮ್ಮ ಡೆಂಟಲ್ ಕಾಲೇಜುಗಳಲ್ಲಿ ಓದುತ್ತಾರೆ. ಒಂದು ಕಾಲಕ್ಕೆ ಆಂಗಲ್ ಸರಿಯಾದ ಮುಖಕ್ಕೆ ಮಾದರಿಯಾಗಿ ತೋರಿಸುತ್ತಿದ್ದುದು ಅಪೊಲೊ ದೇವತೆಯ ಒಂದು ಪ್ರಾಚೀನ ಶಿಲ್ಪವನ್ನು. ಚಿಕಿತ್ಸೆ ಮತ್ತು ಸೌಂದರ್ಯ ಈ ವಿಜ್ಞಾನದೊಳಗೆ ಮೊದಲ ದಿನದಿಂದಲೇ ಬೆರೆತಿವೆ. ಅವೆರಡನ್ನೂ ಪೂರ್ತಿ ಬೇರೆ ಮಾಡುವುದು ದಂತವೈದ್ಯರಿಗೇ ಸುಲಭವಲ್ಲ. ಒಬ್ಬ ಸಿಸ್ಟರ್ ಅದನ್ನು ಬೇರೆ ಮಾಡಿ ತೋರಿಸಲಿ ಎಂದು ಕೇಳುವುದು ಹೇಗೆ?

ಹಾಗಾದರೆ ಆರೋಗ್ಯಕ್ಕೆ ಲಾಭ ಎಷ್ಟು? ಇಲ್ಲಿ ಎರಡೂ ಕಡೆಯವರು ಸ್ವಲ್ಪ ತಾಳ್ಮೆ ತೋರಬೇಕು. ಕೆಲವು ಲಾಭಗಳಿಗೆ ಗಟ್ಟಿ ಆಧಾರ ಇದೆ. ಮುಂದಿನ ಹಲ್ಲು ತುಂಬ ಉಬ್ಬಿದ್ದರೆ ಬಿದ್ದಾಗ ಅದು ಮುರಿಯುವ ಅಪಾಯ ಜಾಸ್ತಿ. ಉಬ್ಬು ಹಲ್ಲಿಗೆ ಚಿಕ್ಕ ವಯಸ್ಸಲ್ಲೇ ಚಿಕಿತ್ಸೆ ಮಾಡಿದರೆ ಈ ಪೆಟ್ಟು ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಂಸ್ಥೆಯ ಪರಿಶೀಲನೆ ಹೇಳುತ್ತದೆ. ದವಡೆಯೊಳಗೆ ಸಿಕ್ಕಿಕೊಂಡ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ತಿನ್ನಬಹುದು. ಸೀಳುತುಟಿ, ಸೀಳು ಅಂಗುಳದ ಮಕ್ಕಳಿಗೆ ಈ ಚಿಕಿತ್ಸೆ ಬೇಕೇ ಬೇಕು. ಹಲ್ಲು ಸರಿಯಾಗಿ ಕೂರದೆ ಒಸಡಿಗೆ ಕಚ್ಚುತ್ತಿದ್ದರೂ ಅಷ್ಟೇ.

ಆದರೆ ಹಲ್ಲು ಒತ್ತೊತ್ತಾಗಿದ್ದರೆ ಹುಳುಕು ಬಂದೇ ಬರುತ್ತದೆ, ಕ್ಲಿಪ್ ಹಾಕಿಸಿದರೆ ಅದು ತಪ್ಪುತ್ತದೆ ಎಂಬ ಜನಪ್ರಿಯ ಮಾತಿಗೆ ಅಷ್ಟು ಬಲ ಇಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು 1988-89ರಲ್ಲಿ 13 ವರ್ಷದವರಾಗಿದ್ದ 448 ಮಕ್ಕಳನ್ನು ಗುರುತಿಸಿ, ಅವರಿಗೆ 30 ತುಂಬಿದಾಗ ಮತ್ತೆ ವಿಚಾರಿಸಿದರು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಅಷ್ಟರಲ್ಲಿ ಕ್ಲಿಪ್ ಹಾಕಿಸಿಕೊಂಡಿದ್ದರು. ಅವರ ಹಲ್ಲು ಉಳಿದವರಿಗಿಂತ ಕಡಿಮೆ ಕೆಟ್ಟಿರಲಿಲ್ಲ. ಅವರ ಆತ್ಮವಿಶ್ವಾಸವೂ ಉಳಿದವರಿಗಿಂತ ಹೆಚ್ಚಿರಲಿಲ್ಲ. ಚೆಂದದ ನಗು ಬಂದರೆ ಬದುಕೇ ಬದಲಾಗುತ್ತದೆ ಎಂದು ಜಾಹೀರಾತುಗಳು ಮಾರುವ ಕನಸಿಗೆ ಇದು ದೊಡ್ಡ ತಡೆ.

ಇದರಿಂದ ಕ್ಲಿಪ್ ವ್ಯರ್ಥ ಎಂದು ತೀರ್ಮಾನಿಸಬೇಕಿಲ್ಲ. ಸರಾಸರಿ ಲೆಕ್ಕ ಒಬ್ಬೊಬ್ಬರ ಬಾಯಿಯ ಕಥೆ ಹೇಳುವುದಿಲ್ಲ. ಕೆಲವರಿಗೆ ಅದು ಊಟ, ಮಾತು, ನೋವಿನ ಪ್ರಶ್ನೆ. ಕೆಲವರಿಗೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಸಂಕೋಚದ ಪ್ರಶ್ನೆ. ಇನ್ನು ಕೆಲವರಿಗೆ ಬರೀ ಫ್ಯಾಷನ್. ಥಾಯ್ಲೆಂಡ್, ಇಂಡೊನೇಷ್ಯಾ ಕಡೆಗಳಲ್ಲಿ ಹಲ್ಲು ನೇರ ಇರುವವರೂ ಅನುಕೂಲಸ್ಥರಂತೆ ಕಾಣಲು ಬಣ್ಣದ ನಕಲಿ ಕ್ಲಿಪ್ ಹಾಕಿಕೊಳ್ಳುವ ಹುಚ್ಚು ಹಬ್ಬಿತ್ತು. ಥಾಯ್ಲೆಂಡ್ ಸರ್ಕಾರ ಅದರ ಮಾರಾಟವನ್ನೇ ನಿಷೇಧಿಸಬೇಕಾಯಿತು. ಅಲ್ಲಿ ತಂತಿ ಎಂದರೆ ದುಡ್ಡಿರುವವರ ಗುರುತು. ಸಿಸ್ಟರ್ ಬಾಯಲ್ಲಿ ತಂತಿ ಕಂಡಾಗ ನಮ್ಮಲ್ಲಿ ಏಳುವ ಅಸಮಾಧಾನದ ಬೇರೂ ಇಲ್ಲೇ ಇದೆ ಅನಿಸುತ್ತದೆ.

ಅಗತ್ಯಕ್ಕೆ ಗೆರೆ ಎಳೆಯುವವರು

ಸಾರ್ವಜನಿಕ ದುಡ್ಡಿನಲ್ಲಿ ಕ್ಲಿಪ್ ಹಾಕಿಸುವ ದೇಶಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿವೆ. ಬ್ರಿಟನ್ನಿನಲ್ಲಿ 1989ರಲ್ಲಿ ರೂಪಿಸಿದ ಒಂದು ಅಳತೆ ಇದೆ. ಹಲ್ಲಿನ ತೊಂದರೆಯನ್ನು 1ರಿಂದ 5ರ ತನಕ ಶ್ರೇಣಿ ಮಾಡುತ್ತಾರೆ. 4 ಮತ್ತು 5 ಬಂದರೆ 18 ವರ್ಷದೊಳಗಿನವರಿಗೆ ಚಿಕಿತ್ಸೆ ಪುಕ್ಕಟೆ. 1, 2 ಬಂದರೆ ಇಲ್ಲ. ನಡುವಿನ 3ನೇ ಶ್ರೇಣಿ ಬಂದರೆ ನೋಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 10 ಫೋಟೋಗಳ ಒಂದು ಸಾಲಿಗೆ ಹೋಲಿಸಿ, ತೀರಾ ಕೆಟ್ಟದಾಗಿ ಕಂಡರೆ ಸರ್ಕಾರದ್ದೇ ಖರ್ಚು. ಜರ್ಮನಿಯಲ್ಲೂ ಇಂಥದ್ದೇ ಶ್ರೇಣಿ ಇದೆ. ಅಂದರೆ ಕಟ್ಟುನಿಟ್ಟಾಗಿ ಅಗತ್ಯ ಅಳೆಯಲು ಹೊರಟವರೂ ನೋಟವನ್ನು ಪೂರ್ತಿ ಹೊರಗಿಡಲಿಲ್ಲ. ತೀರಾ ವಕ್ರವಾದ ಹಲ್ಲಿನಿಂದ ಮನಸ್ಸಿಗೆ ಆಗುವ ನೋವನ್ನೂ ಅಗತ್ಯ ಎಂದೇ ಒಪ್ಪಿಕೊಂಡರು.

ನಮ್ಮಲ್ಲಿ ಇಂಥ ಅಳತೆ ಇಲ್ಲ. ಯಾಕೆಂದರೆ ಖರ್ಚು ಕೊಡುವುದು ಹೆಚ್ಚಾಗಿ ಅಪ್ಪ ಅಮ್ಮ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಅಪಘಾತ ಬಿಟ್ಟರೆ ಹಲ್ಲಿನ ಚಿಕಿತ್ಸೆಗೆ ಜಾಗ ಕಡಿಮೆ. ಕ್ಲಿಪ್‌ಗಂತೂ ಇಲ್ಲವೇ ಇಲ್ಲ ಎನ್ನಬಹುದು. ಜಿಎಸ್‌ಟಿ ಕಾನೂನು ಆರೋಗ್ಯ ಸೇವೆಗೆ ವಿನಾಯಿತಿ ಕೊಟ್ಟಿದೆ. ಆದರೆ ಚೆಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯನ್ನು ಹೊರಗಿಟ್ಟಿದೆ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ತೊಂದರೆ, ಪೆಟ್ಟು ಇದ್ದರೆ ಮಾತ್ರ ಅದಕ್ಕೂ ವಿನಾಯಿತಿ. ಸರ್ಕಾರವೂ ಅಗತ್ಯ ಮತ್ತು ಅಲಂಕಾರದ ನಡುವೆ ಗೆರೆ ಎಳೆಯಲು ಒದ್ದಾಡುತ್ತಿದೆ.

ಖಾಸಗಿ ಕ್ಲಿನಿಕ್ಕಿನಲ್ಲಿ ಸಾದಾ ಲೋಹದ ಕ್ಲಿಪ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಅಲೈನರ್ ಆದರೆ ಲಕ್ಷ ದಾಟುತ್ತದೆ. ಮಧ್ಯಮ ವರ್ಗದ ಮನೆಗಳಲ್ಲಿ ಮಗಳಿಗೆ 12-13 ಆದಾಗ ಈ ಖರ್ಚು ಮಾಡುತ್ತಾರೆ. ಕೂಲಿ ಮಾಡುವ ಮನೆಗಳಲ್ಲಿ ಆ ಮಾತೇ ಏಳುವುದಿಲ್ಲ.

ಈ ಚರ್ಚೆಯಲ್ಲಿ ಯಾರೂ ಗಮನಿಸದ ಸಂಗತಿ ಇರುವುದು ಇಲ್ಲಿ. ಕೇರಳ, ಮಂಗಳೂರು ಕಡೆಯ ಕ್ರೈಸ್ತ ಮನೆಗಳಿಂದ ಕಾನ್ವೆಂಟಿಗೆ ಸೇರುವವರು ಹಿಂದಿಗಿಂತ ಕಡಿಮೆಯಾಗಿದ್ದಾರೆ. ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢ, ಈಶಾನ್ಯ ರಾಜ್ಯಗಳ ಹಳ್ಳಿಗಳಿಂದ ಬರುವವರು ಹೆಚ್ಚಾಗಿದ್ದಾರೆ. ಇವರಲ್ಲಿ ಬಹಳ ಜನ ಬಾಲ್ಯದಲ್ಲಿ ದಂತವೈದ್ಯರ ಮುಖ ನೋಡಿರುವುದು ಅನುಮಾನ. ಈಗ ಒಂದೇ ಕಾನ್ವೆಂಟಿನ ಇಬ್ಬರು ಸಿಸ್ಟರ್‌ಗಳನ್ನು ಊಹಿಸಿಕೊಳ್ಳಿ. ಒಬ್ಬರಿಗೆ 13ನೇ ವಯಸ್ಸಿನಲ್ಲಿ ಅಪ್ಪ ಕ್ಲಿಪ್ ಹಾಕಿಸಿದ್ದರು. ಅವರ ನೇರವಾದ ಹಲ್ಲು ನೋಡಿ ಯಾರೂ ಪ್ರತಿಜ್ಞೆಯ ಬಗ್ಗೆ ಮಾತಾಡುವುದಿಲ್ಲ. "ಸಿಸ್ಟರ್ ನಗು ಎಷ್ಟು ಚೆಂದ" ಎಂದು ಹೊಗಳುತ್ತಾರೆ. ಇನ್ನೊಬ್ಬರು ಅದೇ ಚಿಕಿತ್ಸೆಯನ್ನು 30ನೇ ವಯಸ್ಸಿನಲ್ಲಿ ಕೇಳುತ್ತಾರೆ. ಅವರಿಗೆ "ಇದೆಲ್ಲ ಯಾಕೆ" ಅನ್ನುವ ಪ್ರಶ್ನೆ ಎದುರಾಗುತ್ತದೆ. ಇಬ್ಬರ ಪ್ರತಿಜ್ಞೆಯೂ ಒಂದೇ, ಉಡುಪೂ ಒಂದೇ. ಆದರೆ ಹುಟ್ಟಿದ ಮನೆಯ ಸಿರಿತನ ಬಡತನ ಹಲ್ಲಿನ ಸಾಲಿನಲ್ಲಿ ಹಾಗೇ ಉಳಿದಿದೆ. ಸಮಾನತೆಗಾಗಿ ಮಾಡಿದ ಪ್ರತಿಜ್ಞೆ ಬಡವರ ಮನೆಯ ಹುಡುಗಿಯ ಪಾಲಿಗೆ ಮಾತ್ರ ಬೇಲಿಯಾಗುವುದು ಅನ್ಯಾಯ.

ಪೋಪ್, ಹದೀಸ್ ಮತ್ತು ಶ್ರವಣಬೆಳಗೊಳ

ಚೆಂದ ಕಾಣುವ ಆಸೆಯೇ ಪಾಪ ಎಂದು ಚರ್ಚ್ ಹೇಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಪೋಪ್ 12ನೇ ಪಯಸ್ 1958ರ ಅಕ್ಟೋಬರ್ 4ರಂದು, ತೀರಿಕೊಳ್ಳುವುದಕ್ಕೆ ಐದು ದಿನ ಮೊದಲು, ಇಟಲಿಯ ಪ್ಲಾಸ್ಟಿಕ್ ಸರ್ಜನ್‌ಗಳ ಮುಂದೆ ಮಾತಾಡಿದರು. ದೇಹದ ಸೌಂದರ್ಯ ಒಳ್ಳೆಯದೇ, ಆದರೆ ಅದಕ್ಕಿಂತ ದೊಡ್ಡ ಸಂಗತಿಗಳ ಕೆಳಗೆ ಅದರ ಜಾಗ ಎಂಬುದು ಅವರ ನಿಲುವು. ರೂಪ ತಿದ್ದಿಸಿಕೊಳ್ಳುವುದು ತನ್ನಷ್ಟಕ್ಕೆ ತಪ್ಪಲ್ಲ. ಉದ್ದೇಶ ಕೆಟ್ಟದಾದರೆ, ಆರೋಗ್ಯಕ್ಕೆ ಅಪಾಯವಾದರೆ ತಪ್ಪು. ಮುಂದೆ ಬಂದ ಚರ್ಚಿನ ಧರ್ಮೋಪದೇಶವೂ ದೇಹವನ್ನೇ ಪೂಜಿಸುವುದನ್ನು ಖಂಡಿಸುತ್ತದೆ, ದೇಹದ ಆರೈಕೆಯನ್ನಲ್ಲ.

ಇಸ್ಲಾಮಿನಲ್ಲೂ ಹೆಚ್ಚುಕಡಿಮೆ ಇದೇ ಗೆರೆ ಕಾಣುತ್ತದೆ. ಚೆಂದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಂಡು ದೇವರ ಸೃಷ್ಟಿಯನ್ನು ಬದಲಿಸುವವರನ್ನು ಖಂಡಿಸುವ ಹದೀಸ್, ಅಂದರೆ ಪ್ರವಾದಿಯ ವಚನ, ಇದೆ. ಅದನ್ನು ವಿವರಿಸುವ ವಿದ್ವಾಂಸರು 'ಚೆಂದಕ್ಕಾಗಿ' ಎಂಬ ಮಾತನ್ನು ಹಿಡಿದು, ದೋಷ ಸರಿಪಡಿಸುವುದಕ್ಕೆ ಅಡ್ಡಿಯಿಲ್ಲ ಎನ್ನುತ್ತಾರೆ. ಬೌದ್ಧ ಸಂಘದ ನಿಯಮಗಳಲ್ಲಿ ಹಲ್ಲುಕಡ್ಡಿ ಬಳಸಲು ಬುದ್ಧನೇ ಅನುಮತಿ ಕೊಟ್ಟ ಪ್ರಸಂಗ ಬರುತ್ತದೆ.

ನಮ್ಮ ನೆಲದ ಜೈನ ಪರಂಪರೆ ಮಾತ್ರ ಬೇರೆಯೇ ದಾರಿ ಹಿಡಿದಿದೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅದಂತಧಾವನ ಒಂದು. ಅಂದರೆ ಹಲ್ಲುಜ್ಜದಿರುವುದೇ ವ್ರತ. ಸ್ನಾನ ಮಾಡದಿರುವುದೂ ಹಾಗೇ. ದೇಹದ ಮೇಲಿನ ಮೋಹ ಕಳಚುವ ದಾರಿ ಅದು. ಶ್ರವಣಬೆಳಗೊಳದಲ್ಲಿ ಮುನಿಗಳನ್ನು, ಆರ್ಯಿಕೆಯರನ್ನು (ಜೈನ ಸನ್ಯಾಸಿನಿಯರನ್ನು) ನೋಡಿ ಬೆಳೆದ ನಮ್ಮ ಮನಸ್ಸಿನಲ್ಲಿ ಸನ್ಯಾಸ ಎಂದರೆ ದೇಹವನ್ನೇ ಮರೆಯುವುದು ಎಂಬ ಚಿತ್ರ ಕೂತಿರುವುದರಲ್ಲಿ ಆಶ್ಚರ್ಯವಿಲ್ಲ. ಅದು ಬಹಳ ಗೌರವದ ಚಿತ್ರ. ಆದರೆ ಒಂದು ಪರಂಪರೆಯ ಅಳತೆಗೋಲು ಇನ್ನೊಂದಕ್ಕೆ ಹೊಂದುವುದಿಲ್ಲ. ಕ್ಯಾಥೊಲಿಕ್ ಸಿಸ್ಟರ್‌ಗಳಲ್ಲಿ ಹೆಚ್ಚಿನವರು ಲೋಕದ ನಡುವೆಯೇ ಕೆಲಸ ಮಾಡಲು ಬಂದವರು. ಕ್ಲಾಸಿನಲ್ಲಿ ಪಾಠ ಹೇಳಬೇಕು, ವಾರ್ಡಿನಲ್ಲಿ ರೋಗಿಯ ಹತ್ತಿರ ಕೂತು ಮಾತಾಡಬೇಕು. ಅವರಿಗೆ ದೇಹ ದಿನದ ಕೆಲಸದ ಸಲಕರಣೆ. ಅದನ್ನು ಸರಿಯಾಗಿಟ್ಟುಕೊಳ್ಳುವುದು ಅವರ ಕರೆಗೆ ಸೇರಿದ್ದೇ.

ಯಾರ ವಾದ ಏನು

ಸಂಘದ ಹಿರಿಯರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಾನ್ವೆಂಟುಗಳಲ್ಲಿ ವಯಸ್ಸಾದ ಸಿಸ್ಟರ್‌ಗಳ ಸಂಖ್ಯೆ ಏರುತ್ತಿದೆ, ದುಡಿಯುವವರು ಕಡಿಮೆಯಾಗುತ್ತಿದ್ದಾರೆ. ಮಂಡಿ ಆಪರೇಷನ್, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಗೆ ಹಣ ಹೊಂದಿಸಬೇಕು. ಅದೇ ನಿಧಿಯಿಂದ ಕ್ಲಿಪ್‌ಗೆ ತೆಗೆದರೆ ಬೇರೆ ಯಾರದೋ ಪಾಲು ಕಡಿಮೆಯಾಗಬಹುದು. ದಾನ ಕೊಟ್ಟವರಿಗೆ ಲೆಕ್ಕ ಒಪ್ಪಿಸುವ ಭಯವೂ ಅವರಿಗಿದೆ.

ಮನೆಯವರು ಕೊಟ್ಟರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಅಣ್ಣ ಗಲ್ಫ್‌ನಲ್ಲಿದ್ದಾನೆ, ದುಡ್ಡು ಕಳಿಸುತ್ತಾನೆ, ಸಂಘಕ್ಕೇನು ನಷ್ಟ? ಮೇಲುನೋಟಕ್ಕೆ ಸರಿ ಅನಿಸುತ್ತದೆ. ಆದರೆ ಹೀಗೆ ಮಾಡಿದರೆ ಅಣ್ಣ ಇರುವವರಿಗೆ ಚಿಕಿತ್ಸೆ, ಇಲ್ಲದವರಿಗೆ ಇಲ್ಲ ಎಂದಾಗುತ್ತದೆ. ಒಂದೇ ಊಟದ ಮೇಜಿನಲ್ಲಿ ಎರಡು ವರ್ಗ ಹುಟ್ಟುತ್ತವೆ. ಸಾಮೂಹಿಕ ಬದುಕಿನ ಅರ್ಥವೇ ಆಗ ಹೋಗುತ್ತದೆ.

ಇನ್ನೊಂದು ಕಡೆ, ಅನುಮತಿಯ ಅಧಿಕಾರ ಹೇಗೆ ಬಳಕೆಯಾಗುತ್ತದೆ ಎಂಬ ಆತಂಕ ಇದೆ. ಕೇರಳದ ಸಿಸ್ಟರ್ ಲೂಸಿ ಕಳಪ್ಪುರ ಅವರನ್ನು ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಂಘ 2019ರಲ್ಲಿ ಹೊರಹಾಕಿತು. ಅನುಮತಿ ಇಲ್ಲದೆ ಕಾರು ಕೊಂಡರು, ಕವನ ಸಂಕಲನ ಪ್ರಕಟಿಸಿದರು ಎಂಬವು ಆರೋಪಗಳಲ್ಲಿ ಸೇರಿದ್ದವು. ಬಡತನ ಮತ್ತು ವಿಧೇಯತೆಯ ಪ್ರತಿಜ್ಞೆ ಮುರಿದರು ಎಂಬುದು ಸಂಘದ ಮಾತು. 2018ರಲ್ಲಿ ಬಿಷಪ್ ಒಬ್ಬರ ವಿರುದ್ಧ ಕೊಚ್ಚಿಯಲ್ಲಿ ಸಿಸ್ಟರ್‌ಗಳು ನಡೆಸಿದ ಧರಣಿಗೆ ಬೆಂಬಲ ಕೊಟ್ಟಿದ್ದಕ್ಕೆ ಈ ಶಿಕ್ಷೆ ಎಂಬುದು ಲೂಸಿ ಅವರ ಮಾತು. ಅವರ ಮನವಿಯನ್ನು ವ್ಯಾಟಿಕನ್ ತಿರಸ್ಕರಿಸಿತು. ಇಲ್ಲಿ ಯಾರು ಸರಿ ಎಂಬುದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಯಾವುದು ಅಗತ್ಯ, ಯಾವುದು ಐಷಾರಾಮ ಎಂದು ಬರೆದಿಟ್ಟ ಸ್ಪಷ್ಟ ನಿಯಮ ಇಲ್ಲದಿದ್ದರೆ ಆ ತೀರ್ಮಾನ ಮೇಲಿನವರ ಮನಸ್ಸಿಗೆ ಬಿಟ್ಟದ್ದಾಗುತ್ತದೆ. ಮೆಚ್ಚಿನವರಿಗೆ ಸಿಕ್ಕಿದ್ದು ಎದುರು ಮಾತಾಡಿದವರಿಗೆ ಸಿಗದೇ ಹೋಗಬಹುದು. ಈ ಅಪಾಯ ಕಾರಿನ ವಿಷಯದಲ್ಲಿ ಇರುವಷ್ಟೇ ಕ್ಲಿಪ್ ವಿಷಯದಲ್ಲೂ ಇದೆ.

ಮುಂದೇನಾಗಬಹುದು

ಸಂಘಗಳು ಇನ್ನು ಮುಂದೆ ಹೆಚ್ಚು ಹೆಚ್ಚು ಸಿಸ್ಟರ್‌ಗಳನ್ನು ಕ್ಯಾಮೆರಾ ಮುಂದೆ ಕಾಣಿಸುತ್ತವೆ. ಶಾಲೆಯ ವಿಡಿಯೊ, ಭಕ್ತಿಗೀತೆಯ ಚಾನೆಲ್, ಆಸ್ಪತ್ರೆಯ ಪ್ರಚಾರ ಎಲ್ಲದಕ್ಕೂ ನಗುವ ಮುಖ ಬೇಕು. ಆಗ ಒಂದು ವಿಚಿತ್ರ ಒತ್ತಡ ಹುಟ್ಟುತ್ತದೆ. ಚೆಂದದ ಹಲ್ಲಿನವರೇ ಮುಂದೆ ಬರುತ್ತಾರೆ. ಉಬ್ಬು ಹಲ್ಲಿನವರಿಗೆ ಹಿಂದಿನ ಸಾಲು. ಅವರಲ್ಲಿ ಯಾರಾದರೂ ಕ್ಲಿಪ್ ಹಾಕಿಸಿಕೊಂಡರೆ ಅಹಂಕಾರ ಎಂಬ ಹೆಸರು. ಹಾಕಿಸಿದರೂ ಮಾತು, ಹಾಕಿಸದಿದ್ದರೂ ಮಾತು. ಕ್ರಿಸ್ಟಿನಾ ಅವರ ಶೂ, ಮೂಗುಬೊಟ್ಟಿನ ಮೇಲೆ ನಡೆದ ಚರ್ಚೆ ನೋಡಿದರೆ ಇದು ಬರೀ ಊಹೆಯಲ್ಲ ಎಂದು ತಿಳಿಯುತ್ತದೆ.

ತೆರಿಗೆ ತೀರ್ಪಿನ ಪರಿಣಾಮ ನಿಧಾನಕ್ಕೆ ಕಾಣುತ್ತದೆ. ಸಂಬಳ ಪಡೆಯುವ ಸಿಸ್ಟರ್ ಹೆಸರಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಪ್ರತಿ ವರ್ಷದ ರಿಟರ್ನ್ಸ್ ಇರುತ್ತವೆ. ತಾನು ವರ್ಷಕ್ಕೆ ಎಷ್ಟು ದುಡಿದು ಸಂಘಕ್ಕೆ ಕೊಟ್ಟೆ ಎಂಬ ಲೆಕ್ಕ ಅವರ ಕಣ್ಣೆದುರೇ ಇರುತ್ತದೆ. ಹೊಸ ತಲೆಮಾರಿನವರು ಆ ಲೆಕ್ಕ ನೋಡಿ ಆರೈಕೆಯ ಲೆಕ್ಕವನ್ನೂ ಕೇಳುತ್ತಾರೆ. ಕೇಳಬೇಕು ಕೂಡ. ಅದರಲ್ಲಿ ವಿಧೇಯತೆಗೆ ವಿರುದ್ಧವಾದದ್ದು ಏನೂ ಇಲ್ಲ. 670ನೇ ನಿಯಮ ಅವರ ಪರವೇ ಇದೆ.

ದಾರಿಗಳು ಇಲ್ಲದಿಲ್ಲ. ಬ್ರಿಟನ್ನಿನ ಶ್ರೇಣಿಯನ್ನು ಯಾವ ಆರ್ಥೊಡಾಂಟಿಸ್ಟ್ (ಹಲ್ಲು ನೇರ ಮಾಡುವ ತಜ್ಞ) ಬೇಕಾದರೂ ಒಂದೇ ಭೇಟಿಯಲ್ಲಿ ಹಾಕಿಕೊಡಬಲ್ಲರು. 4 ಅಥವಾ 5 ಬಂದರೆ ಸಂಘ ಖರ್ಚು ಕೊಡುವುದು, 3 ಬಂದರೆ ಸಿಸ್ಟರ್ ಮತ್ತು ವೈದ್ಯರ ಮಾತು ಕೇಳಿ ನಿರ್ಧರಿಸುವುದು ಎಂದು ಬರೆದಿಟ್ಟರೆ ಮೇಲಿನವರಿಗೂ ಹೊರೆ ಇಳಿಯುತ್ತದೆ, ಕೇಳುವವರಿಗೂ ಸಂಕೋಚ ಕಡಿಮೆಯಾಗುತ್ತದೆ. ಹೊಸದಾಗಿ ಸೇರುವ ಹುಡುಗಿಯರಿಗೆ ಕಣ್ಣು, ರಕ್ತದ ತಪಾಸಣೆಯ ಜೊತೆಗೆ ಹಲ್ಲಿನ ತಪಾಸಣೆಯನ್ನೂ ಮಾಡಿಸಬಹುದು. ಚಿಕ್ಕ ವಯಸ್ಸಲ್ಲೇ ಶುರು ಮಾಡಿದರೆ ಚಿಕಿತ್ಸೆ ಸುಲಭ. ಖರ್ಚಿನ ಮಟ್ಟಿಗೆ ಕರ್ನಾಟಕದ ಸಂಘಗಳಿಗೆ ಒಂದು ಅನುಕೂಲ ಇದೆ. ದೇಶದಲ್ಲೇ ಅತಿ ಹೆಚ್ಚು ಡೆಂಟಲ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು, ಮಣಿಪಾಲ, ದೇರಳಕಟ್ಟೆ, ಧಾರವಾಡ ಹೀಗೆ ಎಲ್ಲ ಕಡೆ ಕಾಲೇಜುಗಳಿವೆ. ಇಂಥ ಕಾಲೇಜುಗಳ ಆರ್ಥೊಡಾಂಟಿಕ್ಸ್ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಗಾವಲಲ್ಲಿ ಚಿಕಿತ್ಸೆ ಮಾಡುತ್ತಾರೆ. ಖಾಸಗಿ ಕ್ಲಿನಿಕ್ಕಿಗಿಂತ ಅಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ತಿಂಗಳಿಗೊಮ್ಮೆ ಹೋಗಿ ತಂತಿ ಬಿಗಿ ಮಾಡಿಸಿಕೊಂಡು ಬರಬೇಕು, ಅಷ್ಟೇ.